ಗೋಡೆಯ ಮೇಲಿನ ಗೆರೆ

"ಸರ್, ಆ ಗೆರೆ ಯಾಕೆ ಅಲ್ಲಿಗೇ ನಿಂತುಹೋಗಿದೆ?"

ನ್ಯಾಯಾಲಯದಲ್ಲಿ ತೂಕಡಿಸುತ್ತಿದ್ದವರೆಲ್ಲ ತಿರುಗಿ ನೋಡಿದರು. ಕೇಳಿದವಳು ಹನ್ನೆರಡರ ಹುಡುಗಿ. ಮನೆಯಲ್ಲಿ ಅವಳನ್ನು ಕರೆಯುವುದೇ 'ಯಾಕಮ್ಮ' ಎಂದು. ಬಾಯಿ ಬಿಟ್ಟರೆ 'ಯಾಕೆ'. ಕಳೆದ ಬೇಸಿಗೆ ಆಟದ ಮೈದಾನದಲ್ಲೇ ಬಿಸಿಲಿಗೆ ತಲೆತಿರುಗಿ ಬಿದ್ದು ಆಸ್ಪತ್ರೆ ಸೇರಿದ್ದಳು. ಕಲ್ಲಿದ್ದಲು ಸುಡುವ ಹೊಸ ವಿದ್ಯುತ್ ಸ್ಥಾವರಕ್ಕೆ ಕೊಟ್ಟ ಅನುಮತಿ ರದ್ದಾಗಬೇಕೆಂದು ಅವಳೂ ಅವಳ ಶಾಲೆಯ ಮಕ್ಕಳೂ ದಾವೆ ಹೂಡಿದ್ದರು. ಆ ದಾವೆ ಮುಂದೆ ನಡೆಯಬೇಕೋ, ಇವತ್ತೇ ವಜಾ ಆಗಬೇಕೋ ಎನ್ನುವುದು ಇನ್ನೇನು ತೀರ್ಮಾನವಾಗಬೇಕಿತ್ತು.

ವಜಾ ಆಗುವ ಲಕ್ಷಣವೇ ಹೆಚ್ಚಾಗಿತ್ತು. "ಮಹಾಸ್ವಾಮಿ, ಇದೆಲ್ಲ ಶತಮಾನದ ಕೊನೆಯ ಮಾತು. ಆಗ ಇಲ್ಲಿರೋರು ಯಾರೂ ಇರಲ್ಲ. ಇನ್ನೂ ಹುಟ್ಟದೇ ಇರೋರ ಪರವಾಗಿ ಈ ಮಕ್ಕಳು ಹೇಗೆ ದಾವೆ ಹೂಡ್ತಾರೆ?" ಎಂದು ಸ್ಥಾವರದ ವಕೀಲರು ಗೋಡೆಯ ಪರದೆಯ ಅಂಚನ್ನು ತೋರಿಸಿ ಆಗಷ್ಟೇ ಕೂತಿದ್ದರು. ಪರದೆಯ ಮೇಲೆ ಎರಡು ಗೆರೆ, ಎರಡೂ ಶತಮಾನದ ಕೊನೆಯ ವರ್ಷಕ್ಕೆ ನಿಂತಿದ್ದವು. ಹೊಗೆ ತಗ್ಗಿಸಿದರೆ ಮುಂದಿನ ಬೇಸಿಗೆಗಳು ಎಷ್ಟು ಸುಡುತ್ತವೆ ಎನ್ನುವುದು ಕೆಳಗಿನದು. ಹೀಗೇ ಬಿಟ್ಟರೆ ಎಷ್ಟು ಎನ್ನುವುದು ಮೇಲಿನದು.

ಮಕ್ಕಳ ವಕೀಲರು ಹುಡುಗಿಗೆ ಸುಮ್ಮನಿರು ಎಂದು ಸನ್ನೆ ಮಾಡಿದರು. ನ್ಯಾಯಾಧೀಶರು ಮಾತ್ರ ಕನ್ನಡಕ ಏರಿಸಿಕೊಂಡು ಪರದೆಯನ್ನೇ ನೋಡಿದರು. "ಇರಲಿ ಬಿಡಿ, ನನಗೂ ಗೊತ್ತಾಗಬೇಕು. ಯಾಕೆ ನಿಂತಿದೆ, ಮೇಡಂ?"

ಸಾಕ್ಷಿಕಟ್ಟೆಯಲ್ಲಿದ್ದ ಹವಾಮಾನ ವಿಜ್ಞಾನಿ ತಬ್ಬಿಬ್ಬಾದರು. ಬೆಳಗಿನಿಂದ ಪಾಟೀಸವಾಲಿಗೆ ಜಗ್ಗದ ಹೆಂಗಸು. "ಅದು... ರೂಢಿ, ಸ್ವಾಮಿ. ನಮ್ಮ ಗುರುಗಳು ಈ ಲೆಕ್ಕ ಶುರುಮಾಡಿದಾಗ ಆ ವರ್ಷ ಬಹಳ ದೂರ ಅನ್ನಿಸ್ತಿತ್ತು. ಅಲ್ಲಿಗೇ ನಿಲ್ಲಿಸಿದ್ರು. ನಾವೂ ಹಾಗೇ ನಿಲ್ಲಿಸ್ಕೊಂಡು ಬಂದ್ವಿ."

"ಅದಾದ ಮೇಲೆ ಬೇಸಿಗೆ ಬರಲ್ವಾ, ಆಂಟಿ?"

ಯಾರೋ ಕಿಸಕ್ಕೆಂದರು. ವಿಜ್ಞಾನಿ ನಗಲಿಲ್ಲ.

"ಬರುತ್ತೆ, ಕಂದ."

"ಆಗ ನನ್ನ ತಮ್ಮ ಇರ್ತಾನೆ." ಹುಡುಗಿ ಹಿಂದಿನ ಬೆಂಚಿನತ್ತ ಕೈ ತೋರಿಸಿದಳು. ತಾಯಿಯ ಮಡಿಲಲ್ಲಿ ಹಾಲುಗಲ್ಲದ ಕೂಸು ಯಾರ ಗೊಡವೆಯೂ ಇಲ್ಲದೆ ತನ್ನ ಮುಷ್ಟಿ ಚೀಪುತ್ತಿತ್ತು. "ಅವನಿಗೆ ಆವಾಗ ನಮ್ಮಜ್ಜಿಯಷ್ಟು ವಯಸ್ಸು. ಅಜ್ಜಿ ಈಗ್ಲೂ ದಿನಾ ವಾಕಿಂಗ್ ಹೋಗ್ತಾರೆ. ನಾನೂ ಇರ್ತೀನೇನೋ. ನಮ್ಮನೇಲಿ ಎಲ್ಲರೂ ಗಟ್ಟಿ."

ಸ್ಥಾವರದ ವಕೀಲರು ಏನೋ ಹೇಳಲು ಎದ್ದವರು ಕೂಸನ್ನು ನೋಡಿದರು. ಹಾಗೇ ಮತ್ತೆ ಕೂತರು.

"ಆ ಗೆರೆಗಳನ್ನ ಮುಂದುವರಿಸಿ, ಮೇಡಂ," ಎಂದರು ನ್ಯಾಯಾಧೀಶರು. "ಪರದೆ ಮುಗಿದರೆ ಗೋಡೆ ಇದೆಯಲ್ಲ."

"ಅಲ್ಲಿಂದಾಚೆ ಖಚಿತವಾಗಿ ಹೇಳೋಕಾಗಲ್ಲ, ಸ್ವಾಮಿ. ಅಂದಾಜು ಅಷ್ಟೇ."

"ಅಂದಾಜೇ ತೋರಿಸಿ."

ವಿಜ್ಞಾನಿ ಕಟ್ಟೆ ಇಳಿದು ಬಂದರು. ಕೆಳಗಿನ ಗೆರೆಯ ತುದಿಗೆ ಬೆರಳಿಟ್ಟು ಬರಿ ಗೋಡೆಯ ಮೇಲೆ ಮೆಲ್ಲನೆ ಎಳೆದರು. ಅದು ಅವರ ಭುಜದ ಮಟ್ಟದಲ್ಲೇ ಸಾಗಿತು. ಹುಡುಗಿಗೂ ಕೈಗೆ ಎಟುಕುವಷ್ಟು. ಆಮೇಲೆ ಮೇಲಿನದು. ಬೆರಳು ಏರಿತು, ಇನ್ನೂ ಏರಿತು. ತುದಿಗಾಲಲ್ಲಿ ನಿಂತು ತೋಳು ಪೂರ್ತಿ ಚಾಚಿದರು. ಅಲ್ಲಿಗೆ ಮುಗಿಯಿತು, ಮುಂದೆ ಎಟುಕಲಿಲ್ಲ. ಎತ್ತಿದ ಕೈ ಎತ್ತಿದಂತೆಯೇ ಹಿಡಿದು ನ್ಯಾಯಪೀಠದತ್ತ ತಿರುಗಿದರು.

ನ್ಯಾಯಾಧೀಶರು ಮಗುವನ್ನು ನೋಡಿದರು, ಗೋಡೆಯನ್ನು ನೋಡಿದರು.

"ದಾವೆ ನಡೆಯುತ್ತೆ," ಎಂದರು. "ಯಾರಾದರೂ ಒಂದು ಏಣಿ ತನ್ನಿ."