ಕೂಸಿನ ಸೀನು

ಹೋದ ವರ್ಷ ಸರ್ಕಾರ ಕನ್ನಡದ ನುಡಿಗಟ್ಟುಗಳನ್ನೆಲ್ಲ ಜನರ ನಾಲಿಗೆಯಿಂದ ಕೀಳಿಸಿ, ಇಂಗ್ಲಿಷಿನವನ್ನು ಕೂರಿಸಿತು.

ವಾರ್ಡ್ ಆಫೀಸಿನ ನಾಲಿಗೆ ತಪಾಸಣೆಗೆ ಪೌರಕಾರ್ಮಿಕೆ ಸಣ್ಣೀರಮ್ಮ ಮೊಮ್ಮಗಳನ್ನು ಎತ್ತಿಕೊಂಡೇ ಬಂದಿದ್ದಳು.

"ಜೋರು ಮಳೆಗೆ ಏನಂತೀರಿ?" ಗುಮಾಸ್ತ ಕೇಳಿದ.

"ನಾಯಿ ಬೆಕ್ಕು ಸುರೀತಾವೆ."

"ಸುಲಭದ ಕೆಲಸಕ್ಕೆ?"

"ಕೇಕಿನ ತುಂಡು. ತಿಂದೋರಿಗೆ ಗೊತ್ತು ಬಿಡಪ್ಪ."

ಅಷ್ಟರಲ್ಲಿ ಕೂಸು ಸೀನಿತು. "ನೂರ್ ವರ್ಸ ಬಾಳು ನನ್ ಕಂದ!" ತನ್ನವ್ವ ಹರಸುತ್ತಿದ್ದ ಮಾತು ಸಣ್ಣೀರಮ್ಮನ ಬಾಯಿಂದ ತಾನಾಗಿ ಹೊರಬಿತ್ತು. ಅದೂ ಹೋಯಿತೆಂದು ವರ್ಷವಿಡೀ ಅತ್ತಿದ್ದವಳಿಗೆ ಹೋದ ಜೀವ ಬಂದಂತಾಯಿತು.

ಗುಮಾಸ್ತ ಇಕ್ಕಳ ಎತ್ತಿಕೊಂಡ. "ಒಂದು ಉಳ್ಕೊಂಡಿದೆ ಅಜ್ಜಿ, ಕೀಳ್ಬೇಕು. ಬಾಯಿ ತೆಗೀರಿ."

"ಒಂಟಿ ಸೀನು ಒಳ್ಳೇದಲ್ಲ ಕಣಪ್ಪ, ಕೂಸು ಇನ್ನೊಂದು ಸೀನ್ಬೇಕು. ಆಗ ಹರಸೋಕೆ ಇದು ಬೇಕು. ನಾ ಬಾಯಿ ತೆಗೆಯಲ್ಲ."