ಹದಿನಾಲ್ಕು ದಿನ ಇರಬಹುದಾದ ಜಾಗ

ಮೂರನೆಯ ಜಾಗವೂ ಬದರಿನಾಥನಿಗೆ ಹಿಡಿಸಲಿಲ್ಲ. ವ್ಯಾನಿನಿಂದ ಇಳಿದು, ಕಾಡುರಸ್ತೆಯ ಪಕ್ಕದ ಜಲ್ಲಿ ಬಯಲನ್ನು ಎರಡು ಸುತ್ತು ಹಾಕಿ, ಬೂಟಿನ ತುದಿಯಿಂದ ನೆಲ ಕೆದಕಿ ನೋಡಿ, ವಾಪಸ್ ಬಂದು ಕೂತ.

"ನೀರು ದೂರ," ಎಂದ.

"ಒಂದು ರಾತ್ರಿಗೆ ಎಷ್ಟು ನೀರು ಬೇಕು ರೀ?" ಎಂದಳು ವಿಜಯಾ. "ಹಿಂದೆ ಎರಡು ಕ್ಯಾನ್ ಇದೆಯಲ್ಲ."

ಗಂಡ ನೋಟ್‌ಬುಕ್ಕಿನಲ್ಲಿ ಏನೋ ಗೀಚಿದ.

ಎರಡು ಸಾವಿರದ ಒಂಬತ್ತರ ಅಕ್ಟೋಬರ್. ಇಸ್ಸಾಕ್ವಾದ ಗುಡ್ಡದ ಮೇಲಿನ ಮನೆ ಬಿಟ್ಟು, ಬೆಟ್ಟಸಾಲಿನ ಪಾಸ್ ದಾಟಿ, ಕ್ಲೆ ಎಲಮ್ ಎಂಬ ಈ ಸಣ್ಣ ಊರಿನ ಸುತ್ತ ಅವರು ಬಿಟ್ಟಿ ಕ್ಯಾಂಪಿಂಗ್ ಜಾಗ ಹುಡುಕುತ್ತಿರುವುದು ಇದು ಐದನೆಯ ಶನಿವಾರ. ಅದಕ್ಕೆ ಮುಂಚೆ, ಮದುವೆಯಾದ ಹನ್ನೆರಡು ವರ್ಷಗಳಲ್ಲಿ ಬದರಿನಾಥ ಬಿಸಿನೀರಿಲ್ಲದ ಕಡೆ ಒಂದು ರಾತ್ರಿಯೂ ಕಳೆದವನಲ್ಲ.

"ಡ್ಯಾಡಿ, ಆರ್ ವೀ ಪುವರ್?" ಎಂದಳು ಹಿಂದಿನ ಸೀಟಿನಿಂದ ಒಂಬತ್ತು ವರ್ಷದ ಸಿರಿ.

"ಇಲ್ಲ ಮರಿ. ನಮಗೆ ನೇಚರ್ ಇಷ್ಟ."

"ಸಿನ್ಸ್ ವೆನ್?"

ವಿಜಯಾಳಿಗೂ ಅದೇ ಪ್ರಶ್ನೆ. ಆದರೆ ಅವಳ ಹತ್ತಿರ ಒಂದು ಉತ್ತರವೂ ಇತ್ತು.

ಬೆಳಿಗ್ಗೆ ಅವನು ಅರಣ್ಯ ಇಲಾಖೆಯ ಆಫೀಸಿಗೆ ಹೋಗಿದ್ದ. ಅವಳು ನಕ್ಷೆಗಳ ಸ್ಟ್ಯಾಂಡಿನ ಹತ್ತಿರ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಒಂದೇ ಜಾಗದಲ್ಲಿ ಎಷ್ಟು ದಿನ ಇರಬಹುದು? ಹದಿನಾಲ್ಕು ದಿನ, ಆಮೇಲೆ ಬೇರೆ ಕಡೆ ಹೋಗಬೇಕು ಎಂದಳು ಕೌಂಟರಿನ ಹೆಂಗಸು. ಹಿಮ ಬಿದ್ದ ಮೇಲೂ ಈ ರಸ್ತೆ ತೆರೆದಿರುತ್ತದೆಯೇ? ಹೆಂಗಸು ಅವನ ಇಸ್ತ್ರಿ ಮಾಡಿದ ಅಂಗಿಯನ್ನು ಒಮ್ಮೆ ನೋಡಿ, ಇಲ್ಲ ಎಂದಳು. ಆಮೇಲೆ ಪೆಟ್ರೋಲ್ ಬಂಕಿನಲ್ಲಿ ಅವನು ಕೇಳಿದ್ದು ಇನ್ನೂ ಕೆಟ್ಟದ್ದು: ಸ್ಕೂಲ್ ಬಸ್ಸು ಈ ರಸ್ತೆಯಲ್ಲಿ ಎಲ್ಲಿಯವರೆಗೆ ಬರುತ್ತದೆ?

ನೇಚರ್ ನೋಡಲು ಬಂದವನಿಗೆ ಸ್ಕೂಲ್ ಬಸ್ಸು ಯಾಕೆ?

ಕೆಲಸ ಕಳೆದುಕೊಂಡವರು ಹೇಗಿರುತ್ತಾರೆಂದು ವಿಜಯಾಳಿಗೆ ಚೆನ್ನಾಗಿ ಗೊತ್ತಿತ್ತು. ಅವರು ಮೊದಲಿಗಿಂತ ಐದು ನಿಮಿಷ ಬೇಗ ಮನೆ ಬಿಡುತ್ತಾರೆ. ಬದರಿನಾಥ ಈಗ ಹತ್ತು ನಿಮಿಷ ಬೇಗ ಬಿಡುತ್ತಿದ್ದ. ಅವನ ಊಟದ ಡಬ್ಬಿ ಖಾಲಿಯಾಗಿಯೇ ಬರುತ್ತಿತ್ತು, ನಿಜ. ಆದರೆ ಡಬ್ಬಿಯನ್ನು ಕಾರಿನಲ್ಲಿ ಕೂತೂ ಖಾಲಿ ಮಾಡಬಹುದು. ಚಿತ್ರಾನ್ನದ ಕಡಲೆಬೇಳೆ ಸೀಟಿನ ಸಂದಿಗೆ ಬೀಳದಂತೆ ತೊಡೆಯ ಮೇಲೊಂದು ಟವಲ್ ಹಾಸಿಕೊಂಡರಾಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಅವನು ತನ್ನ ಮ್ಯಾನೇಜರನ್ನು ಬೈಯುವುದನ್ನು ನಿಲ್ಲಿಸಿದ್ದ. ವಿಜಯಾ ತನ್ನ ಮ್ಯಾನೇಜರನ್ನು ವಾರಕ್ಕೆರಡು ಸಲ ತಪ್ಪದೆ ಬೈಯುತ್ತಿದ್ದಳು. ಸಂಸಾರ ಎಂದ ಮೇಲೆ ಅಷ್ಟಾದರೂ ಇರಬೇಕು.

ಮಂಗಳವಾರ ಹನ್ನೊಂದು ಗಂಟೆಗೆ ಪೇಟೆಯೊಳಗಿನ ಡೆನ್ನಿ ಟ್ರಯಾಂಗಲ್ ಬಡಾವಣೆಯ ಅವನ ಆಫೀಸಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಹನ್ನೆರಡಕ್ಕೂ ಇಲ್ಲ. ಇಸ್ಸಾಕ್ವಾದ ಲೈಬ್ರರಿಯಲ್ಲಂತೂ ಅವನು ಇರುತ್ತಿರಲಿಲ್ಲ. ಅಲ್ಲಿ ಕಿಟಕಿ ಪಕ್ಕದ ಮೇಜುಗಳು ಬಾಗಿಲು ತೆರೆದ ಕಾಲು ಗಂಟೆಯಲ್ಲಿ ತುಂಬಿಹೋಗುತ್ತವೆ. ಅಲ್ಲಿ ಕೂರುವ ಗಂಡಸರ ಮುಖಗಳೆಲ್ಲ ಅವಳಿಗೆ ಪರಿಚಯವಾಗಿದ್ದವು. ಹಾಗಾದರೆ ಎಲ್ಲಿಗೆ ಹೋಗುತ್ತಾನೆ?

ಮನೆ ನಿಂತಿದ್ದುದು ಎರಡು ಸಂಬಳದ ಮೇಲೆ. ಒಂದರಲ್ಲಿ ಕೆಲವು ತಿಂಗಳು ಎಳೆಯಬಹುದು. ಒಂದೂ ಇಲ್ಲದಿದ್ದರೆ ಬ್ಯಾಂಕಿನವರೇ ಬಂದು ಬೀಗ ಬದಲಾಯಿಸುತ್ತಾರೆ. ಅದೇ ಬೀದಿಯ ಶಕೀಲ್ ಅವರ ಮನೆ ಜೂನ್‌ನಲ್ಲಿ ಹಾಗೇ ಹೋಯಿತು. ಅವರ ಹೆಂಡತಿ ಗುಲ್ಶನ್ ಒಬ್ಬಳೇ ಸ್ಟೂಲ್ ಮೇಲೆ ನಿಂತು ಪರದೆಗಳನ್ನು ಬಿಚ್ಚಿ, ಇಸ್ತ್ರಿ ಮಾಡಿದಂತೆ ಮಡಚಿ ಮಡಚಿ ಇಡುತ್ತಿದ್ದುದನ್ನು ವಿಜಯಾ ಮರೆತಿರಲಿಲ್ಲ.

ನಾಲ್ಕನೆಯ ಜಾಗ ಹೊಳೆಯ ಪಕ್ಕದಲ್ಲಿತ್ತು. ಬದರಿನಾಥ ಒಪ್ಪಿದ. ಸ್ಟವ್ ಹಚ್ಚಿ, ತಾನೇ ಉಪ್ಪಿಟ್ಟಿಗೆ ರವೆ ಹುರಿಯತೊಡಗಿದ. ಸಿರಿ ನೀರಿಗೆ ಕಲ್ಲೆಸೆಯಲು ಓಡಿದಳು. ಇನ್ನೂ ಬೆಳಕಿತ್ತು.

ವಿಜಯಾ ಮಗಳು ದೂರ ಹೋಗುವುದನ್ನೇ ಕಾದಳು.

"ರೀ, ಒಂದು ಕೇಳ್ತೀನಿ. ಸುಳ್ಳು ಹೇಳ್ಬಾರ್ದು."

"ಕೇಳು."

"ನಿಮ್ಮ ಕೆಲಸ ಹೋಗಿ ಎಷ್ಟು ದಿನ ಆಯ್ತು?"

ರವೆ ತಿರುವುತ್ತಿದ್ದ ಸೌಟು ನಿಂತಿತು. "ನನ್ನ ಕೆಲಸ ಎಲ್ಲಿ ಹೋಯ್ತು? ಬೇರೆ ಟೀಮಿಗೆ ಹಾಕಿದಾರೆ. ಹಗಲೆಲ್ಲ ಮೀಟಿಂಗು. ಹೊಸ ಮ್ಯಾನೇಜರ್ ಪಾಪದವನು, ಬೈಯಕ್ಕೂ ಆಗಲ್ಲ."

"ಸಾಕು, ನಾಟಕ ಬೇಡ. ಕೆಲಸ ಇರೋರು ಹದಿನಾಲ್ಕು ದಿನದ ಲೆಕ್ಕ ಕೇಳ್ತಾರಾ? ಸ್ಕೂಲ್ ಬಸ್ ಕೇಳ್ತಾರಾ? ಈ ಮಗೂನ ಕಟ್ಕೊಂಡು ವ್ಯಾನಲ್ಲಿ ಸಂಸಾರ ಮಾಡೋ ಯೋಚನೆ ತಾನೆ?"

"ಕೈಯಲ್ಲಿ ಒಂದು ಪ್ಲಾನ್ ಇರ್ಲಿ ಅಂತ ಕೇಳ್ದೆ. ನಮ್ಮ ಕಡೆನೂ ಲೇಆಫ್ ಮಾಡ್ತಾರಂತೆ. ನಂದೂ ಹೋದ್ರೆ ಮನೆ ಉಳಿಯಲ್ಲ."

"ನಂದೂ ಅಂದ್ರೆ?"

ಬದರಿನಾಥ ಸ್ಟವ್ ಆರಿಸಿದ. ಅವಳ ಮುಖ ನೋಡಲಿಲ್ಲ. ಬಾಣಲೆಯನ್ನೇ ನೋಡುತ್ತ, ಹವಾಮಾನ ಹೇಳುವವನ ದನಿಯಲ್ಲಿ ಹೇಳಿದ.

"ನಿಮ್ಮ ಆಫೀಸಿನವರು ಆಗಸ್ಟಲ್ಲೇ ನಿನ್ನ ಡೆಸ್ಕಿನ ಸಾಮಾನೆಲ್ಲ ಒಂದು ಬಾಕ್ಸಿಗೆ ತುಂಬಿ ಮನೆಗೆ ಕಳಿಸಿದ್ರು, ವಿಜಿ, ನೀನಾಗೇ ಹೇಳ್ತೀಯೇನೋ ಅಂತ ಗರಾಜಲ್ಲಿ ಇಟ್ಕೊಂಡು ಕಾಯ್ತಾ ಇದೀನಿ."