ಕುರ್‍ರ್

ಕೂಸಿನ ಕಿವಿಯಲ್ಲಿ ಕುರ್‍ರ್ ಎಂದು ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಹಾಗಾಗಿ ಪಲ್ಲವಿ ಇಳಕಲ್ ಸೀರೆಯುಟ್ಟು ತೊಟ್ಟಿಲ ಮೇಲೆ ಬಗ್ಗಿದ್ದಳು. ಹೆಸರು ಹೇಳಿದ ಕೂಡಲೇ ಅವಳ ಬೆನ್ನಿಗೆ ಗುದ್ದಲು ಓಣಿಯ ಹೆಂಗಸರು ನಗುತ್ತ ಕಾದಿದ್ದರು.

"ಹೆಸರು ನಿನಗ ಬ್ಯಾರೆ ಹೇಳಬೇಕೇನು? ನಮ್ಮವ್ವಂದ ಇಡೂದು," ಎಂದ ಅಣ್ಣ ಮಹಾಂತೇಶ.

ಪಲ್ಲವಿ ಅವ್ವನ ಹೆಸರಿಗಾಗಿ ತಡಕಾಡಿದಳು. ಕಾಲೇಜಿನವರೆಲ್ಲರಂತೆ ಅವಳೂ ನುಂಗುವ ನೀಲಿ ಗುಳಿಗೆ ಒಂದು ಸಂಜೆಯ ಮಜಾ ಕೊಟ್ಟು, ತಲೆಯಿಂದ ಒಂದು ಹೆಸರು ಒಯ್ಯುತ್ತದೆ. ಯಾವ ಹೆಸರು ಹೋಯಿತೆಂದು ಬೇಕಾದಾಗಲೇ ತಿಳಿಯುವುದು. ಇದುವರೆಗೆ ಹೋದದ್ದು ಸಿನಿಮಾ ನಟರದು, ಮೇಷ್ಟ್ರುಗಳದು. ಹೋದರೆ ಹೋಗಲಿ ಎಂದು ಗೆಳತಿಯರ ಜೊತೆ ನಕ್ಕಿದ್ದಳು.

ತೀರಿಹೋದ ಅವ್ವನ ಮುಖ ಕಣ್ಣಮುಂದಿತ್ತು, ಸೆರಗಿನ ಒಗ್ಗರಣೆ ವಾಸನೆಯೂ ಇತ್ತು. ಹೆಸರಿರಲಿಲ್ಲ.

ಕೂಸಿನ ತಾಯಿ, ಪಲ್ಲವಿಯ ವೈನಿ, ಅವಳ ಮುಖ ನೋಡಿಯೇ ಹೆಸರು ಹೋಗಿದೆಯೆಂದು ತಿಳಿದುಕೊಂಡಳು. ಕೂಸಿಗೆ ಹೊದಿಸಿದ ದುಪ್ಪಟಿ ಸರಿಪಡಿಸುವ ನೆಪದಲ್ಲಿ ಬಗ್ಗಿ ಪಲ್ಲವಿಯ ಕಿವಿಯಲ್ಲಿ "ನೀಲಗಂಗಾ" ಎಂದಳು. ಆದರೆ ಒಮ್ಮೆ ಹೋದ ಹೆಸರು ಮತ್ತೆ ನಿಲ್ಲುವುದಿಲ್ಲ. ಅವಳ ಕಿವಿಯಿಂದ ಕೂಸಿನ ಕಿವಿಗೆ ಬರುವಷ್ಟರಲ್ಲಿ ಅದು ಜಾರಿಹೋಯಿತು.

"ಕುರ್‍ರ್..." ಎಂದಳು ಪಲ್ಲವಿ. ಮುಂದೆ ಬರೀ ಉಸಿರು.

ಹೆಸರು ಹೇಳಿಯಾಯಿತೆಂದುಕೊಂಡ ಹೆಂಗಸರು ಧಬಧಬ ಗುದ್ದಿದರು.

"ಇನ್ನೂ ಜೋರ ಗುದ್ರಿ," ಎಂದಳು ಅವಳು, ತಲೆಯೆತ್ತದೆ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ವೈನಿಯೊಬ್ಬಳೇ ನಗಲಿಲ್ಲ.